ನಾಲ್ಕು ಬೆರಳು ಕಡಿಮೆ

ಹೋದ ತಿಂಗಳು ಮಗ ರವಿ ನಮ್ಮನ್ನೆಲ್ಲ ಮೈಸೂರಿನ ಹತ್ತಿರದ ಒಂದು ಆಟದ ಪಾರ್ಕಿಗೆ ಕರೆದುಕೊಂಡು ಹೋಗಿದ್ದ. ನೀವೂ ಇಂಥ ಕಡೆ ಹೋಗಿರುತ್ತೀರಿ. ಅಲ್ಲಿ ಒಂದೊಂದು ಆಟದ ಬಾಗಿಲಲ್ಲೂ ಒಂದು ಮರದ ಜಿರಾಫೆ ನಿಲ್ಲಿಸಿದ್ದಾರೆ. ಅದರ ಕೊರಳಿಗೊಂದು ಕೆಂಪು ಗೆರೆ. ಮಗುವಿನ ತಲೆ ಆ ಗೆರೆ ಮುಟ್ಟಿದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಮೊಮ್ಮಗಳು ಮಾನಸಿಯ ತಲೆ ಮುಟ್ಟಲಿಲ್ಲ.

ರವಿ ಬಾಗಿಲಲ್ಲಿದ್ದ ಹುಡುಗಿಯ ಹತ್ತಿರ ಜಗಳಕ್ಕೆ ನಿಂತ. “ಅರ್ಧ ಇಂಚು ತಾನೇನಮ್ಮ? ಎಣ್ಣೆ ಹಾಕ್ದೆ ತಲೆ ಬಾಚಿದ್ರೆ ಆ ಗೆರೆ ಮುಟ್ತಾಳೆ.” ಆ ಹುಡುಗಿ, “ಆಗಲ್ಲ ಸರ್, ರೂಲ್ಸು” ಎಂದಳು. ಅವನು ದನಿ ಏರಿಸಿದ. ಆ ದನಿ ನನ್ನದೇ. ನಲವತ್ತು ವರ್ಷಗಳ ಹಿಂದೆ ತರೀಕೆರೆಯಲ್ಲಿ ನಾನು ಹೀಗೆಯೇ ಕೂಗಿದ್ದೆ. ನಾನು ಹೋಗಿ ಪಕ್ಕದ ಸಿಮೆಂಟು ಬೆಂಚಿನ ಮೇಲೆ ಕುಳಿತೆ. ಹೆಂಡತಿ ಗಿರಿಜ ಬಂದು ಪಕ್ಕ ಕುಳಿತು, “ಏನಾಯ್ತು?” ಎಂದಳು. ಬಿಸಿಲು ಎಂದೆ. ಅಂದು ಬೆಳಿಗ್ಗೆಯಿಂದ ಮೋಡವಿತ್ತು.

ನಾನು ದರ್ಜಿ. ಎಸ್ಸೆಸ್ಸೆಲ್ಸಿ ಎರಡು ಸಲ ಕಟ್ಟಿ, ಎರಡು ಸಲವೂ ಗಣಿತದಲ್ಲಿ ಫೇಲಾಗಿ, ಕೊನೆಗೆ ಕಡೂರಿನ ಸಂತೆ ರಸ್ತೆಯಲ್ಲಿ ಮಿಷನ್ನು ಹಾಕಿಕೊಂಡವನು. ಗಣಿತ ಬಾರದಿದ್ದರೂ ಅಳತೆ ಬರುತ್ತಿತ್ತು. ರಸ್ತೆಯಲ್ಲಿ ನಡೆದು ಹೋಗುವವನ ಎದೆ ಎಷ್ಟಿಂಚು, ತೋಳು ಎಷ್ಟಿಂಚು ಎಂದು ಕೂತಲ್ಲೇ ಹೇಳುತ್ತಿದ್ದೆ. ಅಂಗಡಿಯಲ್ಲಿ ಹರಟೆಗೆ ಕೂರುವವರು ಬೇಕೆಂದೇ ಕೇಳುವರು, “ಎಲ್ಲಿ, ಆ ಅಮಲ್ದಾರ್ರು ಬರ್ತಾವ್ರಲ್ಲ, ಸೊಂಟ ಹೇಳಪ್ಪಾ.” ನಾನು ಕತ್ತರಿ ಕೆಳಗಿಡದೆ, “ನಲವತ್ತೆರಡು, ಊಟ ಆದ್ಮೇಲೆ ನಲವತ್ತನಾಲ್ಕು” ಎನ್ನುವೆ. ಎಲ್ಲರೂ ನಗುವರು. ನನ್ನ ಕಣ್ಣಿಗೆ ತಪ್ಪಿಲ್ಲ ಎಂಬ ಹೆಮ್ಮೆ ನನಗೆ ಬಹಳವಿತ್ತು. ಈಗ ಬರೆಯಲು ನಾಚಿಕೆಯಾಗುತ್ತದೆ.

ಊರ ಮಕ್ಕಳನ್ನೆಲ್ಲ ಅಳೆದ ನನ್ನ ಟೇಪು ನನ್ನ ಮಕ್ಕಳ ಮೈಗೆ ಮಾತ್ರ ತಾಗುತ್ತಿರಲಿಲ್ಲ. ಅದು ನಮ್ಮ ಅವ್ವನ ಕಟ್ಟಳೆ. ನಮ್ಮಲ್ಲಿ ಸತ್ತವರನ್ನು ಮಣ್ಣು ಮಾಡುತ್ತಾರೆ. ಗುಂಡಿ ತೋಡುವ ಮೊದಲು ದೇಹದ ಅಳತೆ ಕೇಳುತ್ತಾರೆ. “ಮನೆ ಮಕ್ಳನ್ನ ತಲೆಯಿಂದ ಕಾಲಿಗೆ ಅಳೀಬಾರ್ದು ಕಣೋ. ಅಳತೆ ಯಾವಾಗ ತಗೀತಾರೆ ಗೊತ್ತೇನೋ ನಿಂಗೆ?” ಎನ್ನುವಳು. ನನಗೆ ಅದರಲ್ಲಿ ನಂಬಿಕೆ ಇತ್ತೆಂದು ಹೇಳಲಾರೆ, ಇರಲಿಲ್ಲವೆಂದೂ ಹೇಳಲಾರೆ. ಅವ್ವನ ಮಾತು ಮೀರುವಷ್ಟು ದೊಡ್ಡ ವಿಷಯವಾಗಿ ಅದು ತೋರಲಿಲ್ಲ, ಅಷ್ಟೇ.

ಹಾಗಾಗಿ ದೊಡ್ಡ ಮಗಳು ಶಶಿಗೆ ನಾನು ಹಳೆಯ ಫ್ರಾಕನ್ನು ಹರವಿಕೊಂಡು, ಅದರ ಮೇಲೆ ಎರಡಿಂಚು ಜಾಸ್ತಿ ಇಟ್ಟು ಹೊಸದನ್ನು ಕತ್ತರಿಸುತ್ತಿದ್ದೆ. ಆ ಕಾಲದಲ್ಲಿ ಎಲ್ಲ ಮನೆಯಲ್ಲೂ ಬೆಳೆಯುವ ಮಕ್ಕಳ ಬಟ್ಟೆಗೆ ಅಂಚಿನಲ್ಲಿ ಒಳಮಡಿಕೆ ಕೊಡಿಸುತ್ತಿದ್ದರು. ಯುಗಾದಿಗೆ ಹೊಲಿದದ್ದು ದೀಪಾವಳಿಯ ಹೊತ್ತಿಗೆ ಗಿಡ್ಡವಾದರೆ ಒಂದು ಮಡಿಕೆ ಬಿಚ್ಚಿದರಾಯಿತು. ಶಶಿಗೆ ಏಳು ತುಂಬಿದ ವರ್ಷ ದೀಪಾವಳಿಗೆ ಗಿರಿಜ ಪೆಟ್ಟಿಗೆಯಿಂದ ಫ್ರಾಕು ತೆಗೆದು ಮಗಳ ಮೈಗೆ ಹಿಡಿದು ನೋಡಿದಳು. “ಇನ್ನೂ ಸರಿಯಾಗೇ ಐತೆ ಕಣ್ರೀ. ಬಿಚ್ಚೋದೇ ಬ್ಯಾಡ” ಎಂದಳು. ನಾನು ಮಿಷನ್ನು ತುಳಿಯುತ್ತಲೇ, “ನಾನು ಹೊಲಿದಿದ್ದು ಅಂದ್ರೆ ಸುಮ್ನೇನಾ?” ಎಂದೆ. ಮರುವರ್ಷವೂ ಆ ಮಡಿಕೆ ಹಾಗೆಯೇ ಇತ್ತು. ಬಟ್ಟೆ ಬಾಳಿಕೆ ಬಂತೆಂದು ನಾವು ಗಂಡಹೆಂಡಿರು ಸಂತೋಷಪಟ್ಟೆವು. ನನ್ನ ಕಸುಬಿನಲ್ಲಿ ಹಸುಳೆಗೂ ತಿಳಿಯುವ ಸಂಗತಿ ಅದು: ಮಡಿಕೆ ಬಿಚ್ಚಬೇಕಾಗಲಿಲ್ಲ ಎಂದರೆ ತೊಟ್ಟ ಮಗು ಬೆಳೆಯಲಿಲ್ಲ.

ಶಶಿ ಮಾತಿನ ಮಲ್ಲಿ. ನೀರು ಬಹಳ ಕುಡಿಯುವಳು. ಬೇಸಿಗೆಯಲ್ಲಿ ಅಜ್ಜಂಪುರದ ಅಜ್ಜಿಯ ಮನೆಗೆ ಹೋದರೆ ನನ್ನತ್ತೆ, “ನಿನ್ನ ಮಗಳೊಬ್ಳು ಬಂದ್ರೆ ನಮ್ಮ ಬಾವಿ ಬತ್ತೋಯ್ತದೆ ಕಣೇ ಗಿರಿಜಾ” ಎಂದು ಹಾಸ್ಯ ಮಾಡುವರು. ಎಂಟು ವರ್ಷವಾದರೂ ಹಾಸಿಗೆ ಒದ್ದೆ ಮಾಡುತ್ತಿದ್ದಳು. ಅದಕ್ಕೆ ಮಾತ್ರ ಹಾಸ್ಯವಿರಲಿಲ್ಲ, ಬೈಗುಳವಿತ್ತು. ಒಂದೆರಡು ಸಲ ನಾನೂ ಹೊಡೆದಿದ್ದೇನೆ. ಬರೆಯದೆ ಬಿಡಬಹುದಿತ್ತು, ಆದರೆ ಹೊಡೆದಿದ್ದೇನೆ.

ಆ ವರ್ಷ ಕಡೂರಿನ ಸ್ಟೇಷನ್ನಿನ ಆಚೆಯ ಬಯಲಿಗೆ ಒಂದು ಎಗ್ಸಿಬಿಷನ್ನು ಬಂತು. ಬಾವಿಯೊಳಗೆ ಮೋಟಾರ್‌ಸೈಕಲ್ಲು ಓಡಿಸುವವನು, ತಿರುಗುವ ಕುದುರೆಗಳು, ಎಲ್ಲಕ್ಕಿಂತ ಮೇಲೆ ದೀಪ ಸುತ್ತಿದ, ಜನರನ್ನು ಕೂರಿಸಿಕೊಂಡು ಆಕಾಶಕ್ಕೆ ತಿರುಗುವ ದೊಡ್ಡ ತೊಟ್ಟಿಲು. ಆ ತೊಟ್ಟಿಲಿನ ಬುಡದಲ್ಲಿ ನಡುವಯಸ್ಸಿನ ಒಬ್ಬ ಸಾಬರು ಬಣ್ಣ ಬಳಿದ ಕೋಲು ಹಿಡಿದು ನಿಂತಿರುತ್ತಿದ್ದರು. ಬೇರೆ ಯಾವುದೋ ಊರಲ್ಲಿ ಚಿಕ್ಕ ಮಗುವೊಂದು ಕಂಬಿಯ ಕೆಳಗಿಂದ ಜಾರಿತ್ತಂತೆ. ಅಂದಿನಿಂದ ಕೋಲಿನ ಕೆಂಪು ಪಟ್ಟೆಗಿಂತ ಗಿಡ್ಡ ಇದ್ದವರನ್ನು ಅವರು ಹತ್ತಿಸುತ್ತಿರಲಿಲ್ಲ. ನೆಲದಿಂದ ಪಟ್ಟೆಗೆ ಮೂರೂ ಮುಕ್ಕಾಲು ಅಡಿ. ಅದನ್ನು ನನ್ನ ಕಣ್ಣು ತಕ್ಷಣ ಹೇಳಿತು. ಶಶಿ ನಿಂತಳು. ಸಾಬರು ಅವಳ ನೆತ್ತಿಗೂ ಪಟ್ಟೆಗೂ ನಡುವೆ ಬೆರಳಿಟ್ಟು ನೋಡಿ, “ನಾಲ್ಕು ಬೆರಳು ಕಮ್ಮಿ ತಾಯಿ. ಮುಂದಿನ ವರ್ಷ ಬಾ, ಅಷ್ಟೊತ್ತಿಗೆ ಉದ್ದ ಆಗಿರ್ತೀಯ. ನಾನೇ ಹತ್ತಿಸ್ತೀನಿ” ಎಂದರು. “ಆಣೆಗೂ?” ಎಂದಳು. “ಆಣೆಗೂ.”

ವರ್ಷವಿಡೀ ಅವಳಿಗೆ ಅದೇ ಧ್ಯಾನ. ಬಾಗಿಲ ಚಿಲಕ ಹಿಡಿದು ಜೋತಾಡುವಳು. ಹಾಲು ಎಂದರೆ ಮೂಗು ಮುರಿಯುತ್ತಿದ್ದವಳು ಕೇಳಿ ಕುಡಿಯುವಳು. “ಅಪ್ಪಾ, ಟೇಪಲ್ಲಿ ಒಂದೇ ಒಂದ್ಸಲ ನೋಡಪ್ಪಾ” ಎಂದು ಅಂಗಡಿಗೆ ಬಂದು ಗೋಗರೆಯುವಳು. “ನಿಮ್ಮಜ್ಜಿ ಇಬ್ರಿಗೂ ಬಾರಿಸ್ತಾಳೆ, ಹೋಗು” ಎಂದು ಕಳಿಸುತ್ತಿದ್ದೆ.

ಮರುವರ್ಷ ಅದೇ ತೊಟ್ಟಿಲು ತರೀಕೆರೆಗೆ ಬಂದಿದೆ ಎಂದು ಅಲ್ಲಿದ್ದ ನನ್ನ ತಂಗಿ ಹೇಳಿಕಳಿಸಿದಳು. ಹೊರಡುವ ಹಿಂದಿನ ದಿನ ನಾನೊಂದು ಕೆಲಸ ಮಾಡಿದೆ. ಅಂಗಡಿಯ ಚಿಂದಿಯನ್ನೆಲ್ಲ ಒತ್ತಿ ಹೊಲಿದು ಎರಡು ದಪ್ಪ ಮೆತ್ತೆ ಮಾಡಿ, ಶಶಿಯ ಕ್ಯಾನ್‌ವಾಸ್ ಶೂವಿನೊಳಗೆ ಹಿಮ್ಮಡಿಗೆ ಕೂರಿಸಿದೆ. ಕೊರತೆಯಿದ್ದರೆ ತುಂಬಲಿ ಎಂದು. ಅಂದರೆ ಕೊರತೆಯಿದೆ ಎಂದು ಒಳಗೆಲ್ಲೋ ನನಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಕಾಣದಂತೆ ಹೊಲಿದೆ. ಶೂ ಹಾಕಿಕೊಂಡು ಅವಳು ಮನೆಯೆಲ್ಲ ಓಡಾಡಿ, “ರವಿ, ನೋಡೋ, ನಾನು ಉದ್ದ ಆದೆ” ಎಂದು ತಮ್ಮನಿಗೆ ತೋರಿಸಿದಳು.

ತರೀಕೆರೆಯಲ್ಲಿ ಗಿರಿಜ ಬಜ್ಜಿ ತರುತ್ತೇನೆಂದು ಅಂಗಡಿಯ ಕಡೆ ಹೋದಳು. ನಾನು ಮಕ್ಕಳಿಬ್ಬರನ್ನೂ ಕೋಲಿನ ಹತ್ತಿರ ಕರೆದೊಯ್ದೆ. ಎರಡು ವರ್ಷ ಚಿಕ್ಕವನಾದ ರವಿ ಪಟ್ಟೆ ದಾಟಿ ಒಳಗೆ ಹೋದ. ಶಶಿ ಸಾಬರ ಮುಂದೆ ನಿಂತು, “ನೀವೇ ಹೇಳಿದ್ರಲ್ಲ, ಕಡೂರಲ್ಲಿ, ಮುಂದಿನ ವರ್ಷ ಬಾ ಅಂತ. ಆಣೆ ಮಾಡಿದ್ರಿ” ಎಂದಳು. ಅವರು ಅವಳ ಮುಖ ನೋಡಿ ನಕ್ಕರು. “ಓ, ನೀನಾ! ಹೂಂ, ಶೂ ಬಿಚ್ಚು ತಾಯಿ.” ಅವಳು ನನ್ನ ಮುಖ ನೋಡಿದಳು. ಬಿಚ್ಚಿದಳು. ಮೆತ್ತೆ ಹೊರಬಂದು ಧೂಳಿನಲ್ಲಿ ಬಿತ್ತು. ಸಾಬರು ಅವಳನ್ನು ಕೋಲಿಗೆ ಒರಗಿಸಿ ನಿಲ್ಲಿಸಿದರು. ಬೆರಳಿಟ್ಟು ನೋಡಿದರು. ಮತ್ತೊಮ್ಮೆ ಇಟ್ಟು ನೋಡಿದರು. ಆಮೇಲೆ ನನ್ನನ್ನು ಒಂದು ಹೆಜ್ಜೆ ಪಕ್ಕಕ್ಕೆ ಕರೆದರು.

“ಅಣ್ಣಾ, ಹೋದ ವರ್ಷಾನೂ ನಾಲ್ಕೇ ಬೆರಳು. ಈಗ್ಲೂ ನಾಲ್ಕೇ. ದಿನಾ ನೂರು ಮಕ್ಕಳು ಈ ಕೋಲಿನ ಹತ್ರ ನಿಲ್ತಾವೆ. ವರ್ಷಕ್ಕೆ ಒಂದು ಬೆರಳೂ ಏರದೇ ಇರೋ ಮಗು ನಾನು ನೋಡಿಲ್ಲ. ಮುಖಾನೂ ಬಿಳಚಿಕೊಂಡಿದೆ. ಒಳ್ಳೆ ಡಾಕ್ಟರ್ ಹತ್ರ ತೋರ್ಸಿ.”

ಸಾಲಿನಲ್ಲಿದ್ದವರೆಲ್ಲ ನೆಲದ ಮೇಲಿದ್ದ ಮೆತ್ತೆಯನ್ನು ನೋಡುತ್ತಿದ್ದರು. ನನಗೆ ಅವಮಾನ ಬಿಟ್ಟರೆ ಬೇರೇನೂ ಕಾಣಲಿಲ್ಲ. “ಏಯ್, ನೀನೇನು ಡಾಕ್ಟ್ರಾ? ಕೋಲು ಹಿಡಿಯೋನು ಕೋಲು ಹಿಡ್ಕೊಂಡಿರು. ನನ್ನ ಮಗಳಿಗೆ ಕಾಯ್ಲೆ ಅಂತೀಯಾ?” ಎಂದು ಕೂಗಿದೆ. ಅಷ್ಟು ಹೊತ್ತು ಅವರು ಅಣ್ಣಾ ಎಂದು ಕರೆದಿದ್ದರು, ನಾನು ಏಯ್ ಎಂದೆ. ಅವರು ತಲೆ ತಗ್ಗಿಸಿ, “ತಪ್ಪಾಯ್ತು” ಎಂದರು. ತಪ್ಪು ಒಪ್ಪಿಕೊಂಡವರು ಅವರು!

ಗಿರಿಜ ಬಜ್ಜಿಯ ಪೊಟ್ಟಣ ಹಿಡಿದು ಬಂದು, “ಏನ್ರೀ ಗಲಾಟೆ?” ಎಂದಳು. “ಹತ್ತಿಸಲ್ಲಂತೆ, ಬಾ” ಎಂದು ರವಿಯನ್ನೂ ಇಳಿಸಿಕೊಂಡು ಹೊರಟೆ. ಬಸ್ಸು ಬೀರೂರು ದಾಟಿದ ಮೇಲೆ ಶಶಿ, “ಅಪ್ಪಾ, ಅವ್ರು ಒಳ್ಳೇವ್ರು. ಬೈಬಾರ್ದಿತ್ತು” ಎಂದಳು.

ಅದಾದ ಹತ್ತನೇ ತಿಂಗಳಿಗೆ ಅವಳ ಕಾಲು, ಮುಖ ಊದಿಕೊಂಡವು. ಶಿವಮೊಗ್ಗದ ಡಾಕ್ಟರು ಎರಡು ಮೂತ್ರಪಿಂಡಗಳೂ ಸೊರಗಿವೆ, ಇದು ಹುಟ್ಟಿನಿಂದ ಬಂದ ತೊಡಕು, ಮೊದಲೇ ತಿಳಿದಿದ್ದರೆ ಆಪರೇಷನ್ನಿಗೆ ಕಳಿಸಬಹುದಿತ್ತು ಎಂದರು. “ಮಗು ಬೆಳೀತಾ ಇಲ್ಲ ಅಂತ ಮನೇಲಿ ಯಾರೂ ಗಮನಿಸಲಿಲ್ವೇನ್ರಿ? ನೀವೇನು ಕೆಲ್ಸ ಮಾಡ್ತೀರಿ?” ಎಂದು ಕೇಳಿದರು. ದರ್ಜಿ ಎಂದೆ.

ಮೂರು ವಾರ ಇದ್ದಳು. ಗುಂಡಿ ತೋಡಲು ಬಂದವನು ಅಂಗಳದಲ್ಲಿ ನಿಂತು ಅಳತೆ ಕೇಳಿದ. ಮೂರೂವರೆ ಅಡಿ ಎಂದು ಒಳಗೆ ಹೋಗಿ ನೋಡದೆಯೇ ಹೇಳಿದೆ. ಮೂರೂ ಮುಕ್ಕಾಲರಲ್ಲಿ ನಾಲ್ಕು ಬೆರಳು ಕಳೆದರೆ ಅಷ್ಟೇ. ಆ ಒಂದು ಲೆಕ್ಕ ನನಗೆ ತಪ್ಪಲಿಲ್ಲ.

ಅವ್ವ ವಿಧಿ ಎಂದಳು. ಊರವರೂ ವಿಧಿ ಎಂದರು. ಗಿರಿಜಳೂ ಬಂದವರ ಮುಂದೆ ಅದನ್ನೇ ಹೇಳುವಳು. ಕೋಲಿನ ಸಾಬರು ಹೇಳಿದ್ದನ್ನು ನಾನು ಅವಳಿಗೆ ಹೇಳಲಿಲ್ಲ. ಅವಳಿಗಾದರೂ ವಿಧಿಯ ಮೇಲೆ ಹಾಕುವ ಸಮಾಧಾನ ಉಳಿಯಲಿ ಎಂದುಕೊಂಡೆ. ಇದನ್ನು ನಾನು ಅವಳಿಗಾಗಿ ಮಾಡಿದ ತ್ಯಾಗ ಎಂದೂ ಕೆಲವು ಸಲ ಭಾವಿಸಿದ್ದುಂಟು.

ಪಾರ್ಕಿನ ಬೆಂಚಿನ ಮೇಲೆ ಅಂದು ಏಕೋ ತಡೆಯಲಾಗಲಿಲ್ಲ. ರವಿ ಇನ್ನೂ ಆ ಹುಡುಗಿಯ ಹತ್ತಿರ ವಾದಿಸುತ್ತಿದ್ದ. “ಗಿರಿಜಾ, ತರೀಕೆರೇಲಿ ಆ ಕೋಲು ಹಿಡಿದಿದ್ದೋರು ನನ್ನ ಪಕ್ಕಕ್ಕೆ ಕರೆದು ಒಂದು ಮಾತು ಹೇಳಿದ್ರು” ಎಂದು ಶುರುಮಾಡಿ ಪೂರ್ತಿ ಹೇಳಿದೆ. ಅವಳು ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ ಕೇಳಿದಳು.

“ಗೊತ್ತು ಕಣ್ರೀ” ಎಂದಳು.

“ಏನು ಗೊತ್ತು?”

“ಬಜ್ಜಿ ತಗೊಂಡು ಆವಾಗ್ಲೇ ಬಂದಿದ್ದೆ. ನಿಮ್ಮ ಬೆನ್ನ ಹಿಂದೇನೇ ನಿಂತಿದ್ದೆ. ಅವ್ರು ಹೇಳಿದ್ದೆಲ್ಲ ಕೇಳಿಸ್ತು. ಏನು ಗಲಾಟೆ ಅಂತ ಕೇಳಿದ್ದು ನೀವೇ ಹೇಳ್ಲಿ ಅಂತ. ಮನೇಗೆ ಬಂದ್ಮೇಲೆ ನೀವೇ ಹೇಳ್ತೀರಿ ಅಂತ ಕಾದೆ. ನಾಳೆ ಹೇಳ್ತೀರಿ, ನಾಡಿದ್ದು ಹೇಳ್ತೀರಿ ಅಂತ. ನೀವು ಹೇಳ್ಲಿಲ್ಲ. ಅಳತೆ ಗೊತ್ತಿರೋರು ನೀವು. ನೀವೇ ಸುಮ್ನಿದ್ದೀರಿ ಅಂದ್ರೆ ಅದೇನೂ ದೊಡ್ಡ ವಿಷ್ಯ ಅಲ್ಲ ಅನ್ಕೊಂಡ್ಬಿಟ್ಟೆ.”

ಅವಳು ಎದ್ದು ಹೋಗಿ ರವಿಯ ತೋಳು ಹಿಡಿದಳು. “ಆ ಹುಡುಗಿ ಮೇಲೆ ಯಾಕೋ ಕೂಗಾಡ್ತೀಯ? ಅವಳು ಹೇಳಿದ್ದು ಸರಿಯಾಗೇ ಐತೆ, ಕೇಳಿಸ್ಕೊ” ಎಂದಳು. ಗಿರಿಜ ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.