ಅಳುವಿನ ಮುಯ್ಯಿ

ನಮ್ಮ ಕಡೆ ಹೆಂಗಸರು ಸಾವಿನ ಮನೆಯಲ್ಲಿ ಸುಮ್ಮನೆ ಅಳುವುದಿಲ್ಲ. ಸತ್ತವರ ಹತ್ತಿರದವಳ ಕೊರಳಿಗೆ ಬಿದ್ದು, ಗಲ್ಲಕ್ಕೆ ಗಲ್ಲ ಹಚ್ಚಿ, ಹಾಡಿ ಅಳುತ್ತಾರೆ. ಸತ್ತವರ ಗುಣ, ಅವರು ಉಂಡದ್ದು, ಬೈದದ್ದು ಎಲ್ಲವೂ ಆ ಹಾಡಿನಲ್ಲಿ ಬರುತ್ತದೆ. ಆ ಅಳುವಿಗೂ ಮುಯ್ಯಿ ಇದೆ. ಇಂದು ನೀನು ನನ್ನ ಕೊರಳಿಗೆ ಬಿದ್ದು ಅತ್ತರೆ, ನಿನ್ನ ಮನೆಯಲ್ಲಿ ಸಾವಾದ ದಿನ ನಾನು ಬಂದು ಅಳಬೇಕು. ಮದುವೆಗೆ ಹೋಗದಿದ್ದರೆ ಹೇಗೋ ನಡೆಯುತ್ತದೆ, ಅಳಲು ಹೋಗದಿದ್ದರೆ ಮಾತು ಬಿಡುತ್ತಾರೆ. ನಮ್ಮವ್ವ ಇದರಲ್ಲಿ ಹೆಸರಾದವಳು. ದೂರದ ಊರು ದರಿಬಡಚಿಯಿಂದಲೂ ಅವಳಿಗೆ ಕರೆ ಬರುತ್ತಿತ್ತು. "ನೀ ಹೋಗೂತನಾ ಆ ಹೆಣ ಎತ್ತಂಗಿಲ್ಲ ನೋಡವ್ವಾ" ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

ಆ ಹೊಸ ಜಡ್ಡು ಬಂದ ಮೊದಲ ಬೇಸಿಗೆ. ಮಹಾರಾಷ್ಟ್ರದ ಗಡಿಯೊಳಗಿನ ನಮ್ಮೂರಲ್ಲಿ ನಾನು ಕನ್ನಡ ಶಾಲೆಯ ಮಾಸ್ತರ. ಶಾಲೆ ಮುಚ್ಚಿದ್ದರಿಂದ ನನ್ನನ್ನು ಸೋನ್ಯಾಳದ ದಾರಿಗೆ ಹಾಕಿದ ನಾಕಾದಲ್ಲಿ ಕೂರಿಸಿದರು. ದಾರಿಗೆ ಅಡ್ಡ ಒಂದು ಬಿದಿರು, ಅದರ ಪಕ್ಕ ಜಾಲಿಯ ಮುಳ್ಳು, ಬೇವಿನ ಗಿಡದ ಕೆಳಗೆ ಟೇಬಲ್ಲು, ಹಣೆಗೆ ಹಿಡಿದು ಜ್ವರ ನೋಡುವ ಯಂತ್ರ, ಒಂದು ರಜಿಸ್ಟರು. ಅದರಲ್ಲಿ ಮರಾಠಿಯಲ್ಲಿ ಬರೆದ ಕಾಲಮ್ಮು: ಎಲ್ಲಿಂದ ಬಂದರು. ಮುಂಬಯಿ, ಪುಣೆ ಎಂದವರನ್ನು ಹದಿನಾಲ್ಕು ದಿನ ಶಾಲೆಯ ಕೋಣೆಯಲ್ಲಿ ಇಡಬೇಕು. ಊರೊಳಗೇ ಇದ್ದವರಿಗೆ ಆ ಪುಸ್ತಕದಲ್ಲಿ ಜಾಗವಿರಲಿಲ್ಲ.

ಸುಳ್ಳೇಕೆ ಹೇಳಲಿ, ನನಗೆ ಆ ಕೆಲಸದ ರುಚಿ ಹತ್ತಿತ್ತು. ಜೀವಮಾನವೆಲ್ಲ ಹುಡುಗರಿಂದ ಮಗ್ಗಿ ಹೇಳಿಸಿದವನಿಗೆ ದೊಡ್ಡವರನ್ನು ಬಿಸಿಲಲ್ಲಿ ನಿಲ್ಲಿಸುವ ಸುಖ ಸಿಕ್ಕರೆ ಬಿಡುತ್ತಾನೆಯೇ? ಪುಣೆಯಲ್ಲಿ ಗೌಂಡಿ ಕೆಲಸಕ್ಕೆ ಹೋಗಿದ್ದ ಗಂಡ ಹೆಂಡತಿ ಕಾಲು ಬೊಬ್ಬೆ ಎದ್ದು ನಡೆದು ಬಂದರು. ನಾಕಾದಿಂದ ಅವರ ಮನೆಯ ಗೋಡೆ ಕಾಣುತ್ತಿತ್ತು.

"ಒಂದ ಸಲ ಕೂಸಿನ ಮಾರಿ ನೋಡಿ ಬರತೇನ್ರಿ ಮಾಸ್ತರ" ಎಂದಳು ಆಕೆ.

"ಮದಲ ಸಾಲಿಗಿ ನಡೀರಿ" ಎಂದೆ.

ಅವ್ವನ ವಿಷಯದಲ್ಲೂ ನಾನು ಅಷ್ಟೇ ಬಿಗಿ. ಅವಳಿಗೆ ಮೊದಲಿನಿಂದ ಉಬ್ಬಸ. ನಾಕಾದಿಂದ ಬಂದವನು ಅಂಗಳದಲ್ಲೇ ಜಳಕ ಮಾಡುತ್ತಿದ್ದೆ, ಕಟ್ಟೆಯ ಮೇಲೆ ಬೇರೆ ತಾಟಿನಲ್ಲಿ ಉಣ್ಣುತ್ತಿದ್ದೆ, ದನದ ಕೊಟ್ಟಿಗೆಯಲ್ಲಿ ಮಲಗುತ್ತಿದ್ದೆ. ಒಂದೂವರೆ ತಿಂಗಳು ಅವಳ ಮಗ್ಗುಲಿಗೆ ಹೋಗಲಿಲ್ಲ.

ನಾಕಾದಲ್ಲಿ ನನಗೆ ಜೊತೆಯೆಂದರೆ ಪಕ್ಕದ ಮನೆಯ ಮುದುಕ, ಊರಿಗೆಲ್ಲ ಮುತ್ಯಾ. ಕುರಿಗಳನ್ನು ಮಗನಿಗೆ ಒಪ್ಪಿಸಿ, ಹೆಗಲಿಗೆ ಕಂಬಳಿ ಹಾಕಿಕೊಂಡು ಬೆಳಿಗ್ಗೆಯೇ ಬಂದು ಬೇವಿನ ಗಿಡದ ಕೆಳಗೆ ಕೂರುತ್ತಿದ್ದ. ಅವನ ಚಂಚಿಯಲ್ಲಿ ತಂಬಾಕು, ನನ್ನ ಡಬ್ಬಿಯಲ್ಲಿ ಸುಣ್ಣ. ತಿಕ್ಕಿದ ತಂಬಾಕು ನನ್ನ ಅಂಗೈಯಿಂದ ಅವನ ಬಾಯಿಗೆ, ಅವನ ಅಂಗೈಯಿಂದ ನನ್ನ ಬಾಯಿಗೆ ಹೋಗುತ್ತಿತ್ತು. ಊರವನಲ್ಲವೇ, ಅವನದೇನು ಭಯ?

ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಬೆಳ್ಳುಳ್ಳಿ ಚಟ್ನಿಗೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಸಂಜೆ ಹೆಂಡತಿಯ ಮೇಲೆ ಹರಿಹಾಯ್ದೆ. "ಚಟ್ನಿ ಕಟ್ಟೀಯೊ, ಮಣ್ಣ ಕಟ್ಟೀಯೊ?"

"ಎಲ್ಲಾರೂ ಚಲೋ ಆಗೇತಿ ಅಂದ್ರು. ನಿಮಗಷ್ಟ ಏನಾಗೇತ್ರಿ?" ಎಂದಳು.

ಯಂತ್ರವನ್ನು ನನ್ನ ಹಣೆಗೇ ಹಿಡಿದು ನೋಡಿಕೊಂಡೆ. ಜ್ವರವಿಲ್ಲ. ಕೆಮ್ಮೂ ಇಲ್ಲ, ನೆಗಡಿಯೂ ಇಲ್ಲ. ತಂಬಾಕಿನಿಂದ ಬಾಯಿ ಕೆಟ್ಟಿರಬೇಕೆಂದುಕೊಂಡೆ. ವಾಸನೆ ಹೋಗುವುದೂ ಈ ಜಡ್ಡಿನ ಗುರುತು ಎಂದು ಆಗ ನಮಗೆ ಯಾರೂ ಹೇಳಿರಲಿಲ್ಲ. ನಾಲ್ಕೈದು ದಿನಕ್ಕೆ ತಾನೇ ಸರಿಯಾಯಿತು, ಮರೆತೂ ಬಿಟ್ಟೆ.

ವಾರದೊಳಗೆ ಮುತ್ಯಾನಿಗೆ ಕೆಮ್ಮು ಹಿಡಿಯಿತು. ಬಿಸಿಲಿನ ಝಳ ಎಂದರು. ಅವನು ಊರು ಬಿಟ್ಟು ಹೋದವನಲ್ಲ, ಹೊರಗಿನವರು ಅವನ ಮನೆಗೆ ಬಂದದ್ದೂ ಇಲ್ಲ, ಹಾಗಾಗಿ ಯಾರಿಗೂ ಸಂಶಯ ಬರಲಿಲ್ಲ. ನನಗಂತೂ ಬರಲೇ ಇಲ್ಲ. ಒಂದು ಬೆಳಿಗ್ಗೆ ಕಂಬಳಿ ಹೊದ್ದು ಕುಳಿತಲ್ಲೇ ಹೋಗಿಬಿಟ್ಟ. ವಯಸ್ಸಾಗಿತ್ತು ಎಂದರು, ನಾನೂ ಹಾಗೇ ಅಂದೆ.

ಎಂದೂ ಕೇಳದ ಅವ್ವ ಆ ದಿನ ಹೊಸ್ತಿಲಲ್ಲಿ ನಿಂತು ನನ್ನನ್ನು ಕೇಳಿದಳು. "ಹೋಗಲೇನೋ? ನೀ ಸರಕಾರದಾಂವ."

"ಹೋಗಿ ಬಾ. ಹೊರಗಿನವ್ರು ಯಾರೂ ಬಂದಿಲ್ಲ. ಬಾಯಿಗಿ ಸೆರಗ ಹಿಡಕೊ ಮತ್ತ."

"ಬಾಯಿಗಿ ಸೆರಗ ಹಿಡದ ಹಾಡಿ ಅಳಾಕ ಬರತೇತೇನ, ಹುಚ್ಚ?" ಎಂದು ಹೋದಳು.

ನಾಕಾದಲ್ಲಿ ಕುಳಿತು ಅವಳ ದನಿ ಕೇಳಿದೆ. ಮುತ್ಯಾನ ಹೆಂಡತಿ, ಅಂದರೆ ಆಯಿ, ಮತ್ತು ಅವ್ವ ಒಬ್ಬರ ಕೊರಳಿಗೆ ಒಬ್ಬರು ಬಿದ್ದು ಮಧ್ಯಾಹ್ನದವರೆಗೆ ಅತ್ತರು. ಓಣಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು ಅದೇ ಕೊರಳುಗಳಿಗೆ ಬಿದ್ದರು.

ಆರನೆಯ ದಿನ ಅವ್ವನಿಗೆ ಏದುಸಿರು ಹತ್ತತೊಡಗಿತು. ತಾಲೂಕಿನ ಒಬ್ಬ ಡಾಕ್ಟರರಲ್ಲಿಗೆ ಒಯ್ದೆ. ಅವರು ಬಾಗಿಲಲ್ಲೇ ನಿಂತು, ಹೊರಗಿನಿಂದ ಬಂದವರ ಸಂಪರ್ಕ ಏನಾದರೂ ಆಗಿದೆಯೇ ಎಂದು ಮರಾಠಿಯಲ್ಲಿ ಕೇಳಿದರು. ನಾನು ಎದೆ ಉಬ್ಬಿಸಿ ಮರಾಠಿಯಲ್ಲೇ ಹೇಳಿದೆ: ನಮ್ಮೂರ ನಾಕಾದಲ್ಲಿ ಕೂರುವವನೇ ನಾನು, ನನ್ನ ಕಣ್ಣು ತಪ್ಪಿಸಿ ಒಂದು ಇರುವೆಯೂ ಒಳಗೆ ಬಂದಿಲ್ಲ. ಹಾಗಾದರೆ ಇದು ಹಳೆಯ ಉಬ್ಬಸವೇ ಎಂದು ಅವರು ಇಂಜೆಕ್ಷನ್ ಮಾಡಿ, ಗುಳಿಗೆ ಕೊಟ್ಟು ಕಳಿಸಿದರು. ಅವರದೇನೂ ತಪ್ಪಿಲ್ಲ. ಅವರು ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟವನು ನಾನು.

ಎರಡು ದಿನ ಹಾಗೇ ಹೋಯಿತು. ಮೂರನೆಯ ದಿನ ಬೆಳಿಗ್ಗೆ ದೇವರ ಜಗಲಿಯ ಮುಂದೆ ಹೆಂಡತಿ ಊದಿನಕಡ್ಡಿ ಹಚ್ಚಿದ್ದಳು. ಅವ್ವ ಮಲಗಿದಲ್ಲಿಂದ, "ಇವತ್ತ ಊದಿನಕಡ್ಡಿ ಹಚ್ಚಿಲ್ಲೇನ? ವಾಸನಿನ ಬರವಲ್ದು" ಎಂದಳು. ಮನೆಯೆಲ್ಲ ಹೊಗೆ ತುಂಬಿತ್ತು. ನನಗೆ ಚಟ್ನಿ ನೆನಪಾಯಿತು. ಆಮೇಲೆ ಮುತ್ಯಾನ ಅಂಗೈ ನೆನಪಾಯಿತು.

ಜೀಪು ಮಾಡಿಕೊಂಡು ದೊಡ್ಡ ದವಾಖಾನೆಗೆ ಒಯ್ದೆ. ಅಲ್ಲಿ ಮೂಗಿನ ದ್ರವವನ್ನು ತಪಾಸಣೆಗೆ ತೆಗೆದುಕೊಂಡರು. ಅದರ ಫಲ ಬರುವ ಮುಂಚೆಯೇ ಅವ್ವ ಹೋದಳು. ಪ್ಲಾಸ್ಟಿಕ್ಕಿನ ಅಂಗಿ ತೊಟ್ಟ ನಾಲ್ವರು, ಊರಲ್ಲದ ಊರಲ್ಲಿ ಅವಳನ್ನು ಮಣ್ಣು ಮಾಡಿದರು. ನಾನು ದೂರ ನಿಂತು ನೋಡಿದೆ. ಯಾರೂ ಹಾಡಲಿಲ್ಲ.

ಆಮೇಲೆ ಊರಿಗೆ ತಪಾಸಣೆಯವರು ಬಂದರು. ಮುತ್ಯಾನ ಮನೆಯಲ್ಲಿ ಅತ್ತ ಹೆಂಗಸರ ಮನೆಮನೆಯಲ್ಲೂ ಜಡ್ಡು ಸಿಕ್ಕಿತು. ಶಾಲೆಯಲ್ಲಿ ನಾನು ಕೂಡಿಹಾಕಿದ್ದ ಪುಣೆಯ ಗಂಡ ಹೆಂಡತಿಗೆ ಏನೂ ಇರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ನನಗೆ ಅದು ಎಲ್ಲಿಂದ ಬಂತೆಂದು ಇಂದಿಗೂ ಗೊತ್ತಿಲ್ಲ. ಬಿದಿರು ಎತ್ತುವಾಗ ಎಷ್ಟೋ ಗಾಡಿಗಳವರ ಜೊತೆ ಮಾತಾಡಿದ್ದೆ, ಚಹಾ ಕುಡಿದಿದ್ದೆ.

ತಿಂಗಳು ಕಳೆದ ಮೇಲೆ ಒಂದು ಮುಂಜಾನೆ ಆಯಿ ನಮ್ಮ ಅಂಗಳಕ್ಕೆ ಬಂದಳು. ಜಡ್ಡಿನಿಂದ ಎದ್ದು ಅರ್ಧ ಆಗಿದ್ದಳು. ನನ್ನ ಹೆಂಡತಿಯನ್ನು ನೋಡಿದ್ದೇ ಎರಡೂ ಕೈ ಚಾಚಿ ಮುಂದೆ ಬಂದಳು. ನನ್ನ ಕೈ ತಾನಾಗಿಯೇ ಎದ್ದಿತು.

"ಅಲ್ಲೇ ನಿಲ್ಲ ಆಯಿ!"

ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದ ಹಾಗೆ. ಆಕೆ ನಿಂತಳು. "ನಿಮ್ಮವ್ವ ನನ್ನ ಕೊರಳಿಗಿ ಬಿದ್ದ ಅತ್ತಾಳೋ ತಮ್ಮಾ. ಅಕಿ ಮುಯ್ಯಿ ಹೊತಗೊಂಡ ಸಾಯಲೇನ ನಾ?"

ನಾನು ಕೈ ಇಳಿಸಲಿಲ್ಲ. ಆಯಿ ಅಂಗಳದಲ್ಲೇ ಕುಳಿತು, ಇಲ್ಲದ ಕೊರಳನ್ನು ಅಪ್ಪಿದಂತೆ ಕೈ ಹಿಡಿದು ಹಾಡಿದಳು. "ಮಜ್ಜಿಗಿ ಕೇಳಿದ್ರ ಬೆಣ್ಣಿ ಕೊಟ್ಟಾಕೆ ನನ್ನವ್ವಾ, ಮಗಾ ದನದಾಗ ಮಲಗ್ಯಾನಂತ ನಿದ್ದಿಗೆಟ್ಟ ಕುಂತಾಕೆ ನನ್ನವ್ವಾ..." ಅವ್ವ ನಿದ್ದೆಗೆಟ್ಟು ಕೂರುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಗೋಡೆಗೆ ಒರಗಿ ಅತ್ತೆ.

ಹಾಡು ಮುಗಿಸಿ ಆಯಿ ಕಣ್ಣು ಒರೆಸಿಕೊಂಡಳು. "ಯಾಂವ ತಂದನೋ ಇದನ್ನ? ನಿನ್ನ ಪುಸ್ತಕದಾಗ ಬರದಿರಬೇಕಲ್ಲ."

"ಬರದಿಲ್ಲ ಆಯಿ. ನಾನ ಕೊಟ್ಟೇನಿ ಮುತ್ಯಾಗ" ಎಂದೆ. ಚಟ್ನಿಯ ಮಾತು, ತಂಬಾಕಿನ ಮಾತು, ಎಲ್ಲ ಹೇಳಿದೆ.

ಆಕೆ ಕೇಳಿದಳು: "ಜ್ವರ ಇತ್ತೇನ?"

"ಇರಲಿಲ್ಲ."

"ಕೆಮ್ಮ?"

"ಇರಲಿಲ್ಲ."

ಸೀರೆಯ ಮಣ್ಣು ಕೊಡವಿ ಎದ್ದಳು. "ಅಕಿ ಮುಯ್ಯಿ ತೀರಸೇನಿ. ಇನ್ನ ಬರಂಗಿಲ್ಲ" ಎಂದು ಹೋದಳು.

ನಮ್ಮಿಬ್ಬರ ಮನೆಗೂ ಒಂದೇ ಗೋಡೆ. ಆಕೆ ಆಚೆ ಕೆಮ್ಮಿದರೆ ಈಚೆ ನನಗೆ ಕೇಳಿಸುತ್ತದೆ. ಏನಾಯಿತು ಆಯಿ ಎಂದು ಕೇಳಲು ಇಷ್ಟು ವರ್ಷವಾದರೂ ಹೋಗಲಾಗಿಲ್ಲ.