ಸೊಟ್ಟ ತೊಲೆಯ ನಕ್ಷೆ

"ಈ ತೊಲೆಯನ್ನು ನೇರ ಮಾಡಿದ್ದು ಯಾರು?" ಎಂದು ಕೊಲ್ಲಿ ದೇಶದ ಮಿರ್ಕಾಬ್‌ನ ನಮ್ಮ ಕಚೇರಿಯ ಎಂಜಿನಿಯರ್ ನನ್ನ ನಕ್ಷೆಯನ್ನು ಮೇಜಿನ ಮೇಲೆ ಎಸೆದರು. ಅದು ನಮ್ಮ ಕಚೇರಿಗೆ ನಕ್ಷೆ ಬರೆಯುವ ಕೆಲಸಕ್ಕೆ ಬಂದಿದ್ದ, ಇಂಗ್ಲೆಂಡಿನ ಹಳ್ಳಿಯೊಂದರ, ಕಾನೂನಿನ ರಕ್ಷಣೆಯಿರುವ ನಾನೂರು ವರ್ಷದ ಮನೆ. ಕೈಯ ಅಭ್ಯಾಸದಲ್ಲಿ ನಾನು ಬಾಗಿದ ತೊಲೆಗಳನ್ನೆಲ್ಲ ನೆಟ್ಟಗೆ ಬರೆದಿದ್ದೆ.

"ಅಲ್ಲಿ ಒಂದು ಮೊಳೆ ಕೀಳ್ಲಿಕ್ಕೂ ಪರ್ಮಿಶನ್ ಬೇಕು ಮಾರಾಯ. ಸೊಟ್ಟ ಇದ್ದದ್ದನ್ನು ಸೊಟ್ಟವೇ ಬರಿ."

ತಿದ್ದುತ್ತಿರುವಾಗ ಹವಲ್ಲಿಯ ನಮ್ಮ ಬಾಡಿಗೆ ಮನೆಯಿಂದ ಹೆಂಡತಿಯ ಫೋನ್ ಬಂತು. "ನಮ್ಮ ಬಿಲ್ಡಿಂಗ್ ಒಡೀತಾರಂತೆ. ತಿಂಗಳೊಳಗೆ ಖಾಲಿ ಮಾಡ್ಬೇಕಂತೆ. ಖಲಾಸ್ ಅಂದ ವಾಚ್‌ಮನ್."

ಸಂಜೆ ಟೇಪ್ ಹಿಡಿದು ನಮ್ಮ ಅಡುಗೆಮನೆಯ ಬಾಗಿಲ ಚೌಕಟ್ಟನ್ನು ಅಳೆದೆ. ಅದೂ ಒಂದು ಬೆರಳಿನಷ್ಟು ವಾಲಿದೆ. ಮಗಳು ಎತ್ತರವಾದಂತೆಲ್ಲ ಎಳೆದ ಪೆನ್ಸಿಲ್ ಗೀಟುಗಳು ಅದರ ಮೇಲಿವೆ. ಏನನ್ನೂ ನೇರ ಮಾಡದೆ ಎಲ್ಲವನ್ನೂ ಬರೆದೆ. ಆ ನಕ್ಷೆಯನ್ನು ಕಳಿಸಲು ನನ್ನಲ್ಲಿ ಯಾರ ವಿಳಾಸವೂ ಇಲ್ಲ.