ತೊಟ್ಟಿಲ ತಾವರೆ ಬಂದ ಬೆಳಗ್ಗೆ

ನಾಗಮಂಗಲದ ನಮ್ಮ ಬೀದಿಯಲ್ಲಿ ಚಂದ್ರಶೇಖರಾಚಾರ್ರ ಮನೆಯ ಎದುರಿಗೇ ನನ್ನ ಹಿಟ್ಟಿನ ಮಿಲ್ಲು. ಮಿಲ್ಲಿನ ಸದ್ದಿಗೆ ಅವರು ನನ್ನನ್ನು ಬೈಯುವರು, ಮರದ ಹೊಟ್ಟಿಗೆ ನಾನು ಅವರನ್ನು ಬೈಯುವೆ. ಹಾಗೆಯೇ ಮೂವತ್ತು ವರ್ಷ ಚೆನ್ನಾಗಿ ಕಳೆದವು. ಬಾಗಿಲು ಕಿಟಕಿ ಯಾರು ಬೇಕಾದರೂ ಮಾಡಲಿ, ತೊಟ್ಟಿಲು ಮಾತ್ರ ಆಚಾರ್ರದೇ ಆಗಬೇಕು ಎನ್ನುವ ಕಾಲವೊಂದಿತ್ತು. ನನ್ನ ಮಕ್ಕಳಿಬ್ಬರೂ ಅವರ ತೊಟ್ಟಿಲಲ್ಲೇ ಅತ್ತು ಬೆಳೆದವರು. ಈಗ ಜನ ಪೇಟೆಯಿಂದ ಕಬ್ಬಿಣದ ಸ್ಟ್ಯಾಂಡು, ಬಲೆಯ ತೊಟ್ಟಿಲು ಹೊತ್ತು ತರುತ್ತಾರೆ. ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಆಚಾರ್ರದು ಒಂದು ಕಟ್ಟುನಿಟ್ಟಿತ್ತು. ಕೂಸು ಹುಟ್ಟಿತೆಂದು ಸಕ್ಕರೆ ಹಿಡಿದು ಬಂದವರಿಗಷ್ಟೇ ತೊಟ್ಟಿಲು. ಬಸುರಿಯ ಮನೆಯವರು ಮುಂಚೆಯೇ ಬಂದರೆ ಕಾಫಿ ಕೊಟ್ಟು ವಾಪಸ್ ಕಳಿಸುತ್ತಿದ್ದರು. ಹುಟ್ಟದ ಕೂಸಿಗೆ ಮರದ ಮೇಲೆ ಗೀಟು ಎಳೆದರೆ ಕೇಡು ಎಂಬುದು ಅವರಪ್ಪನ ಕಾಲದಿಂದ ಬಂದ ಭಯ.

ಮಗಳು ವೀಣ ಚಿಕ್ಕವಳಿದ್ದಾಗ ಹೊಟ್ಟಿನ ಗುಡ್ಡೆಯ ಮೇಲೇ ಕೂತು, ಅಪ್ಪನ ಪೆನ್ಸಿಲ್ಲು ಕಿತ್ತುಕೊಂಡು ಗಿಳಿ, ಬಳ್ಳಿ ಬರೆಯುತ್ತಿದ್ದಳು. ಆಚಾರ್ರು ಆ ಕಾಗದವನ್ನೇ ಹಲಗೆಗೆ ಅಂಟಿಸಿ, ಅದರ ಮೇಲೆ ಉಳಿ ಇಡುತ್ತಿದ್ದರು. ಎಂಥ ಚೆಂದದ ದಿನಗಳು! ಅವಳು ಮದುವೆಯಾಗಿ ಪಾಂಡವಪುರಕ್ಕೆ ಹೋದಾಗ ಅಪ್ಪನಿಗೆ ಕೈಯೇ ಮುರಿದಂತಾಯಿತು. ಅವಳೇನು ಸುಮ್ಮನಿರಲಿಲ್ಲ. ತವರಿಗೆ ಒಂದು ಪ್ರಿಂಟರ್ ತಂದಿಟ್ಟು, ವೈಫೈ ಹಾಕಿಸಿದಳು. ಅಲ್ಲಿ ಮೊಬೈಲಿನಲ್ಲಿ ಬರೆದು ಒತ್ತಿದರೆ ಇಲ್ಲಿ ಕಾಗದ ಈಚೆ ಬರುತ್ತಿತ್ತು. "ನೋಡಿ ಗೌಡ್ರೇ, ನಮ್ಮವ್ವ ವೀಣ ಬಳ್ಳಿ ಕಳ್ಸವ್ಳೆ" ಎಂದು ಆಚಾರ್ರು ಬೀದಿ ದಾಟಿ ಬಂದು ತೋರಿಸುವರು. ಮೊದಮೊದಲು ಆ ಪೆಟ್ಟಿಗೆಗೆ ಊದುಬತ್ತಿ ಬೆಳಗಿದ್ದೂ ಉಂಟು.

ಹೋದ ವರ್ಷ ವೀಣ ಬಸುರಾದಳು. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಈ ಸಲ ಎಂಟು ತಿಂಗಳು ತುಂಬುವ ಹೊತ್ತಿಗೆ ಡಾಕ್ಟರು ಅವಳನ್ನು ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿಸಿಬಿಟ್ಟರು. ತಾಯಿ ವೆಂಕಟಮ್ಮ ಜೊತೆಗೆ ಹೋದರು. ಆಚಾರ್ರು ಊಟ ಮಾಡಿದರೋ ಇಲ್ಲವೋ ಎಂದು ನೋಡುವುದು ನನ್ನ ಪಾಲಿಗೆ ಬಂತು.

ಒಂದು ಬೆಳಗ್ಗೆ ಆಚಾರ್ರು ಚಪ್ಪಲಿಯೂ ಇಲ್ಲದೆ ಓಡಿಬಂದರು. ಕೈಯಲ್ಲಿ ಪ್ರಿಂಟರಿನ ಕಾಗದ. ಅದರಲ್ಲಿ ತೊಟ್ಟಿಲ ಹಲಗೆಗೆಂದು ಬರೆದ ತಾವರೆ, ಆಚೀಚೆ ಗಿಳಿ.

"ಕೂಸು ಉಟ್ಬುಡ್ತು ಗೌಡ್ರೇ! ಉಟ್ಟದೆ ನಮ್ಮವ್ವ ಇದ್ನ ಕಳ್ಸಾಳಾ?"

"ಫೋನ್ ಮಾಡುದ್ರಾ?"

"ಎತ್ತನಿಲ್ಲ. ಅಲ್ಲಿ ಗಡಿಬಿಡಿ ಇರಾಕಿಲ್ವಾ?"

ನನಗೂ ಸರಿಯೆನಿಸಿತು. ಮಿಲ್ಲು ನಿಲ್ಲಿಸಿ ಬೀದಿಗೆಲ್ಲ ಸಕ್ಕರೆ ಹಂಚಿದೆ. ವಾಪಸ್ ಬರುವಷ್ಟರಲ್ಲಿ ಅವರು, ಮಗಳಿಗೆಂದೇ ಎತ್ತಿಟ್ಟಿದ್ದ ಹಲಸಿನ ಹಲಗೆಗೆ ಕಾಗದ ಅಂಟಿಸಿ, ತಾವರೆಯ ಒಂದು ಎಸಳು ಕೆತ್ತಿಯೇಬಿಟ್ಟಿದ್ದರು. ಆಗ ವೆಂಕಟಮ್ಮನ ಫೋನು ಬಂತು. ಕೈಯಲ್ಲಿ ಉಳಿ ಇದ್ದುದರಿಂದ ಸ್ಪೀಕರಿಗೆ ಹಾಕಿದರು. ಆಚಾರ್ರು ಕೂಸಿನ ಸುದ್ದಿ ಕೇಳಿದರೆ ಆಕೆಗೆ ದಿಗಿಲು.

"ಯಾವ್ ಕೂಸು? ಇನ್ನೂ ನೋವೇ ಬಂದಿಲ್ಲ!"

ಆಚಾರ್ರ ಕೈಯಿಂದ ಉಳಿ ಬಿತ್ತು. "ಅಯ್ಯೋ, ನನ್ ಕೈಯಾರೆ ಕೇಡು ಮಾಡ್ಬುಟ್ನಲ್ಲಾ" ಎಂದು ಕಾಗದವನ್ನು ಉಗುರಿನಿಂದ ಕೆರೆಯತೊಡಗಿದರು. ಹಂಚಿದ ಸಕ್ಕರೆ ನೆನೆದು ನಾನೂ ಹಣೆ ಚಚ್ಚಿಕೊಂಡೆ. ಅಷ್ಟರಲ್ಲಿ ಫೋನಿನಲ್ಲಿ ವೀಣಳ ದನಿ ಕೇಳಿತು.

"ಅಪ್ಪಾ, ತಪ್ಪಿ ಬಂದಿದ್ದಲ್ಲ. ಬೇಕೂಂತ್ಲೇ ಕಳ್ಸಿದ್ದು."

"ನಮ್ಮನೆ ಪದ್ಧತಿ ಗೊತ್ತಿಲ್ವೇನವ್ವಾ ನಿಂಗೆ?"

"ಗೊತ್ತು. ಎರಡು ಸಲಾನೂ ಗೀಟು ಎಳೀದೆ ಕಾದ್ಯಲ್ಲಪ್ಪಾ, ಉಳೀತಾ? ಇಲ್ಲಿ ಎಲ್ರೂ ಏನಾಯ್ತದೋ ಏನೋ ಅಂತವ್ರೆ. ಕೂಸು ಬತ್ತದೆ ಅಂತ ನೀನೊಬ್ಬ ಆದ್ರೂ ನಂಬಪ್ಪಾ. ನಂಗೆ ಭಯ ಆಯ್ತದೆ."

ಆಚಾರ್ರು ಕಾಗದ ಕೆರೆಯುವುದನ್ನು ಬಿಟ್ಟು, ಕೆತ್ತಿದ ಆ ಒಂದು ಎಸಳನ್ನು ಸವರಿದರು. ಆ ವಯಸ್ಸಿನಲ್ಲಿ ಒಬ್ಬ ಮನುಷ್ಯ ತನ್ನಪ್ಪನ ಮಾತು ಮೀರುವುದೆಂದರೆ ಹುಡುಗಾಟವಲ್ಲ. ಕೊನೆಗೆ ಟವೆಲ್ಲಿನಿಂದ ಕಣ್ಣೊರೆಸಿಕೊಂಡು, ಕಿತ್ತ ಕಾಗದವನ್ನು ಮತ್ತೆ ಒತ್ತಿ ಅಂಟಿಸಿ, ಫೋನನ್ನು ಹಲಗೆಯ ಪಕ್ಕ ಇಟ್ಟು, "ಫೋನ್ ಇಡಬ್ಯಾಡ ಕಣವ್ವಾ" ಎಂದು ಉಳಿ ಎತ್ತಿಕೊಂಡರು. ಇನ್ನೊಂದು ಎಸಳು ಮುಗಿಯುವ ಹೊತ್ತಿಗೆ ವೆಂಕಟಮ್ಮ ಪಿಸುದನಿಯಲ್ಲಿ ಮಾತಾಡಿದರು.

"ವಾರದಿಂದ ಕಣ್ಣು ಮುಚ್ಚಿರ್ಲಿಲ್ಲ. ಈಗ ಮಲಗವ್ಳೆ. ಉಳಿ ಸದ್ದು ನಿಲ್ಲಿಸ್ಬ್ಯಾಡಿ."